ಎರಡೂವರೆ ಎಂ.ಎಲ್. (ಏಳನೇ ಕಂತು)

"ಎಳೀರಿ," ಎಂದಳು ಸೂಜಿ. "ಎರಡೂವರೆ ಎಂ.ಎಲ್."

ಚಿಕ್ಕಿ ಅಲುಗಲಿಲ್ಲ. ಅವಳ ಮುಂದಿದ್ದ ಸ್ಟೂಲಿನ ಮೇಲೆ ಒಂದು ಲೋಟ ನೀರು, ಅದರ ಪಕ್ಕ ಮಕ್ಕಳ ಬಾಯಿಗೆ ಔಷಧಿ ಹಾಕುವ ಪ್ಲಾಸ್ಟಿಕ್ ಸಿರಿಂಜು. ಒಂದೇ ಕೋಣೆಯ ಮನೆ. ಬೆಳಗಿನ ಒಂಬತ್ತು ಗಂಟೆಯಾದರೂ ಕಿಟಕಿಗೆ ಪರದೆ ಎಳೆದೇ ಇತ್ತು. ಪರದೆಯ ಹಿಂದಿನ ಗಾಜಿನಲ್ಲಿ ಮುಷ್ಟಿಯಷ್ಟು ದೊಡ್ಡ ತೂತು. ನಿನ್ನೆ ಯಾರೋ ಕಲ್ಲು ಹೊಡೆದಿದ್ದರು.

"ಕೈ ನಡುಗ್ತಿದೆ ಮೇಡಂ."

"ನಡುಗಲಿ. ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ನಿಮ್ಮನ್ನ ಕರ್ಕೊಂಡು ಹೋಗೋಕೆ ಬರ್ತಾರೆ. ಅಲ್ಲಿ ಇನ್ನೂ ಜಾಸ್ತಿ ನಡುಗುತ್ತೆ. ಎಳೀರಿ."

ಆರು ದಿನಗಳ ಹಿಂದೆ, ಮಂಗಳವಾರ ಮಧ್ಯಾಹ್ನ, ಬಸ್ ಡಿಪೋ ಪಕ್ಕದ ಶಿಶುಪಾಲನಾ ಕೇಂದ್ರದಲ್ಲಿ ಮಲಗಿದ ಮೂರು ವರ್ಷದ ಗುಬ್ಬಿ ಇನ್ನೂ ಎದ್ದಿರಲಿಲ್ಲ. ಈಗ ಆಸ್ಪತ್ರೆಯಲ್ಲಿ ಯಂತ್ರ ಅವಳ ಪರವಾಗಿ ಉಸಿರಾಡುತ್ತಿತ್ತು. ಆ ದಿನ ಅವಳಿಗೆ ಫಿಟ್ಸ್ ಔಷಧಿ ಹಾಕಿದವಳು ಚಿಕ್ಕಿ. ಗುಬ್ಬಿಯ ತಾಯಿ, ಬಸ್ ಕಂಡಕ್ಟರ್, ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರ ಎದುರೇ ಚಿಕ್ಕಿಯ ಕೆನ್ನೆಗೆ ಬಾರಿಸಿದ್ದಳು. ಅವಳು ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಹೆಸರು.

ಚಿಕ್ಕಿ ಸಿರಿಂಜಿನ ತುದಿಯನ್ನು ನೀರಿಗೆ ಅದ್ದಿದಳು. ಎಳೆದಳು. ಒಳಗೆ ಗುಳ್ಳೆ ಬಂತು. ಸಿರಿಂಜನ್ನು ತಲೆಕೆಳಗು ಮಾಡಿ, ಬೆರಳಿನಿಂದ ಎರಡು ಸಲ ತಟ್ಟಿ, ಗುಳ್ಳೆಯನ್ನು ಹೊರಗೆ ತಳ್ಳಿದಳು. ಮತ್ತೆ ಎಳೆದು ಕಣ್ಣಿನ ಮಟ್ಟಕ್ಕೆ ಹಿಡಿದಳು. ಕಪ್ಪು ರಬ್ಬರಿನ ಮೇಲಂಚು ಎರಡೂವರೆಯ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಸೂಜಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಮಕ್ಕಳ ರಕ್ಷಣಾ ಇಲಾಖೆಯ ತನಿಖಾಧಿಕಾರಿ ಆಗುವ ಮೊದಲು ಅವಳು ಹನ್ನೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಇಲಾಖೆಯವರು ಇಟ್ಟ ಅಡ್ಡಹೆಸರು ಅಲ್ಲಿಂದ ಬಂದದ್ದು. ಮಾತು ಚುಚ್ಚುತ್ತದೆ ಎಂಬುದು ಎರಡನೇ ಕಾರಣ. ಇಷ್ಟು ಚೊಕ್ಕಟವಾಗಿ ಎಳೆಯದ ನರ್ಸುಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು.

"ಮಗು ಬಾಯಿಗೆ ಹೇಗೆ ಹಾಕ್ತೀರಿ?"

"ಕೆನ್ನೆ ಒಳಗಡೆಗೆ ಮೇಡಂ. ಸ್ವಲ್ಪ ಸ್ವಲ್ಪ. ನೇರ ಗಂಟಲಿಗೆ ಬಿಟ್ರೆ ನೆತ್ತಿಗೆ ಹತ್ತುತ್ತೆ."

"ಅದಕ್ಕೂ ಮೊದಲು?"

"ಬಾಟಲಿ ಮೇಲಿನ ಹೆಸರು, ಚೀಟಿ ಮೇಲಿನ ಹೆಸರು, ಮಗು ಮುಖ. ಮೂರೂ ಒಂದೇನಾ ನೋಡ್ತೀನಿ."

"ತರಬೇತೀಲಿ ಕಲಿತಿದ್ದಾ?"

ಚಿಕ್ಕಿ ತಲೆ ತಗ್ಗಿಸಿದಳು. ಸೂಜಿ ಬ್ಯಾಗಿನಿಂದ ಪ್ರಮಾಣಪತ್ರದ ನಕಲು ತೆಗೆದು ಸ್ಟೂಲಿನ ಮೇಲಿಟ್ಟಳು. ಮಕ್ಕಳಿಗೆ ಔಷಧಿ ನೀಡುವ ತರಬೇತಿ. ಹೋದ ತಿಂಗಳ ಮೂರು ಮತ್ತು ನಾಲ್ಕನೇ ತಾರೀಕು. ಹದಿನಾರು ಗಂಟೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತೀರ್ಣ. ಈ ಕಾಗದ ಇಲ್ಲದವರು ಪರವಾನಗಿ ಇರುವ ಯಾವ ಕೇಂದ್ರದಲ್ಲೂ ಮಗುವಿನ ಬಾಯಿಗೆ ಒಂದು ಹನಿ ಔಷಧಿ ಹಾಕುವಂತಿಲ್ಲ.

"ಕೇಳ್ತಿದ್ದೀನಿ. ಇದರಲ್ಲಿ ಕಲಿತಿದ್ದಾ?"

"ನಮ್ಮಮ್ಮ ಏಳು ವರ್ಷ ಹಾಸಿಗೆ ಹಿಡಿದಿದ್ರು," ಎಂದಳು ಚಿಕ್ಕಿ. "ನುಂಗೋಕೆ ಆಗ್ತಿರಲಿಲ್ಲ. ದಿನಕ್ಕೆ ಐದು ಸಲ ಹೀಗೇ ಹಾಕ್ತಿದ್ದೆ. ಆಸ್ಪತ್ರೆ ಅಕ್ಕ ಒಬ್ರು ತೋರಿಸಿಕೊಟ್ಟಿದ್ರು."

"ಮತ್ತೆ ಇದು?"

"ಆ ತರಬೇತಿ ಹಾಲ್ ಯಾವ ಕಡೆ ಇದೆ ಅಂತಾನೂ ನಂಗೆ ಗೊತ್ತಿಲ್ಲ ಮೇಡಂ."

ಹೊರಗೆ ಯಾರೋ ಬಾಗಿಲ ಮುಂದೆ ಕ್ಯಾಕರಿಸಿ ಉಗಿದು ಹೋದ ಸದ್ದು. ಚಿಕ್ಕಿಗೆ ಅದು ಅಭ್ಯಾಸವಾಗಿತ್ತೋ ಏನೋ, ತಲೆ ಎತ್ತಲಿಲ್ಲ.

"ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿ ಏನು ಮಾಡ್ಲಿ? ಕಲಿತಿದ್ದೀನಿ ಅಂದ್ರೆ ಬೇಕಂತಲೇ ಮಾಡ್ದೆ ಅಂತಾರೆ. ಕಲಿತಿಲ್ಲ ಅಂದ್ರೆ ಯಾಕೆ ಮುಟ್ಟಿದೆ ಅಂತಾರೆ. ನೀವೇ ಹೇಳಿ, ಎರಡರಲ್ಲಿ ಯಾವುದು ಹೇಳ್ಲಿ?"

ಸೂಜಿ ಪ್ರಮಾಣಪತ್ರದ ನಕಲನ್ನು ಮಡಚಿ ಬ್ಯಾಗಿಗೆ ಹಾಕಿದಳು. "ಆ ದಿನ ಎಷ್ಟು ಸಲ ಕೊಟ್ರಿ?" ಎಂದಷ್ಟೇ ಕೇಳಿದಳು.

"ಒಂದೇ ಸಲ. ಹನ್ನೆರಡೂವರೆಗೆ. ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಹಾಸಿಗೆ ಬಟ್ಟೆ ಒಣಗಿಸೋಕೆ ಮಹಡಿಗೆ ಹೋದೆ. ಕೆಳಗೆ ಬಂದಾಗ ಮಲಗಿತ್ತು ಮೇಡಂ. ಬಾಯಿ ತೆರೆದುಕೊಂಡು ಮಲಗಿತ್ತು. ಚೆನ್ನಾಗಿ ನಿದ್ದೆ ಬಂದಿದೆ ಅಂದ್ಕೊಂಡು ಹೊದಿಸಿ ಬಂದೆ."

ಆಗ ಅವಳು ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

*

ಕೇಂದ್ರದ ಬಾಗಿಲಲ್ಲಿ ಹದಿಮೂರು ಜೊತೆ ಪುಟ್ಟ ಚಪ್ಪಲಿಗಳು ಸಾಲಾಗಿದ್ದವು. ಒಳಗೆ ಫಿನಾಯಿಲ್ ಮತ್ತು ಕಾಯಿಸಿದ ಹಾಲಿನ ವಾಸನೆ. ಇಷ್ಟೆಲ್ಲ ಆದಮೇಲೂ ತಾಯಂದಿರು ಮಕ್ಕಳನ್ನು ತಂದುಬಿಟ್ಟಿದ್ದರು. ಬಿಡದೆ ಎಲ್ಲಿಗೆ ಕರೆದೊಯ್ಯಬೇಕು? ಒಬ್ಬಳದು ಡಿಪೋದಲ್ಲಿ ಬೆಳಗಿನ ಪಾಳಿ, ಒಬ್ಬಳದು ಬಟ್ಟೆ ಕಾರ್ಖಾನೆ, ಒಬ್ಬಳದು ಯಾರದ್ದೋ ಮನೆಯ ಮಗುವನ್ನು ನೋಡಿಕೊಳ್ಳುವ ಕೆಲಸ.

ಗಂಟೆ ಹನ್ನೊಂದು. ಮುಖ್ಯಸ್ಥೆ ತನ್ನ ಕೋಣೆಯಲ್ಲಿ ಗಾಜಿನ ಮೇಜಿನ ಹಿಂದೆ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದಂಥದ್ದೇ ಮುಖ. ಹಿಂದಿನ ಗೋಡೆಯಲ್ಲಿ ಮೂರು ಫ್ರೇಮು, ಮೂರು ಪ್ರಮಾಣಪತ್ರ: ಅವಳದು, ಚಿಕ್ಕಿಯದು, ಇನ್ನೊಬ್ಬ ಪಾಲಕಿಯದು.

"ಹೋದ ತಿಂಗಳ ಡಯಾಪರ್ ಪುಸ್ತಕ ಕೊಡಿ," ಎಂದಳು ಸೂಜಿ.

"ಔಷಧಿ ಪುಸ್ತಕ ಪೊಲೀಸರು ತಗೊಂಡು ಹೋದ್ರಲ್ಲ."

"ಔಷಧಿ ಅಲ್ಲ. ಡಯಾಪರ್. ಯಾವ ಮಗೂಗೆ ಯಾರು ಎಷ್ಟು ಗಂಟೆಗೆ ಬದಲಾಯಿಸಿದ್ರು ಅಂತ ಬರೀತೀರಲ್ಲ, ಅದು."

ಮುಖ್ಯಸ್ಥೆ ನಕ್ಕಳು. "ಅದನ್ನ ಯಾರೂ ಕೇಳಿದ್ದೇ ಇಲ್ಲ."

"ಗೊತ್ತು. ಅದಕ್ಕೇ ಅದರಲ್ಲಿ ಸುಳ್ಳಿರಲ್ಲ."

ಸೂಜಿ ಇಡೀ ತಿಂಗಳಿನ ಪುಟಗಳನ್ನು ಒಂದೊಂದಾಗಿ ಓದಿದಳು; ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮೂರನೇ ತಾರೀಕಿನ ಪುಟ. ಎಂಟೂಕಾಲಿಗೆ ಚಿಕ್ಕಿಯ ಸಹಿ. ಒಂಬತ್ತಕ್ಕೆ, ಹತ್ತು ಹತ್ತಕ್ಕೆ, ಹನ್ನೊಂದೂವರೆಗೆ. ಸಂಜೆ ಐದರವರೆಗೆ ಹನ್ನೆರಡು ಸಹಿ. ನಾಲ್ಕನೇ ತಾರೀಕು ಹನ್ನೊಂದು. ಸೂಜಿ ಪುಸ್ತಕವನ್ನು ತಿರುಗಿಸಿ, ಗೋಡೆಯ ಫ್ರೇಮನ್ನು ಇಳಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟಳು.

"ಎರಡು ದಿನ ಬೆಳಗಿಂದ ಸಂಜೆವರೆಗೆ ತರಬೇತಿ ಹಾಲ್‌ನಲ್ಲಿ ಕೂತು ಪಾಸಾದವಳು, ಇಲ್ಲಿ ಇಪ್ಪತ್ತಮೂರು ಸಲ ಮಕ್ಕಳ ಕುಂಡಿ ತೊಳೆದಿದ್ದಾಳೆ. ತುಂಬಾ ಉದ್ದದ ಕೈ ಇರಬೇಕು ಅವಳಿಗೆ."

ಮುಖ್ಯಸ್ಥೆಯ ಮುಖದ ಇಸ್ತ್ರಿ ಒಂದು ಕ್ಷಣ ಮುದುಡಿತು.

"ನಿಮ್ಮದೂ ಅಷ್ಟೇನಾ?"

"ಮೇಡಂ..."

"ಹೌದು ಅಥವಾ ಇಲ್ಲ."

"ಹೌದು." ಆಮೇಲೆ ಅವಳ ಧ್ವನಿ ಏರಿತು. "ನಾನೇನು ಸಂತೋಷಕ್ಕೆ ಮಾಡಿದ್ನಾ? ಮೂರೂ ಜನ ಎರಡು ದಿನ ಹೋಗಿ ಕೂತ್ರೆ ಹದಿನಾಲ್ಕು ಮಕ್ಕಳನ್ನ ಯಾರು ನೋಡ್ಕೋತಾರೆ? ಬಾಗಿಲು ಹಾಕ್ಲಾ? ಬದಲಿ ಜನ ಕೊಡಿ ಅಂತ ನಿಮ್ಮ ಇಲಾಖೆಗೆ ಎರಡು ಅರ್ಜಿ ಬರೆದೆ. ಉತ್ತರ ಬಂತಾ? ಬಂದಿದ್ದು ಏನು ಗೊತ್ತಾ? ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ಇಲ್ದಿದ್ರೆ ಪರವಾನಗಿ ರದ್ದು ಅಂತ ನೋಟಿಸು."

"ಅದಕ್ಕೆ ತರಬೇತುದಾರರ ಹತ್ರ ಬರೆಸಿಕೊಂಡ್ರಿ."

"ಅವರೇ ಕೇಳಿದ್ದು, ಎಷ್ಟು ಜನರದು ಬೇಕು ಅಂತ! ಎಲ್ಲಾ ಕೇಂದ್ರದವರೂ ಹೀಗೇ ಮಾಡ್ತಾರೆ. ನೀವು ತಪಾಸಣೆಗೆ ಬಂದಾಗ ನೋಡೋದೇನು? ಗೋಡೆ. ಫ್ರೇಮ್ ಇದೆಯಾ, ಮೊಳೆ ಗಟ್ಟಿ ಇದೆಯಾ. ಒಂದು ದಿನ ಒಬ್ಬರ ಕೈಗಾದ್ರೂ ಸಿರಿಂಜು ಕೊಟ್ಟು ಎಳಿ ಅಂದಿದ್ದೀರಾ?"

ಹೋದ ತಿಂಗಳ ಕೊನೆಯಲ್ಲಿ ಈ ಕೇಂದ್ರದ ತಪಾಸಣೆಗೆ ಬಂದಿದ್ದವಳು ಸೂಜಿಯೇ. ಇದೇ ಕುರ್ಚಿಯಲ್ಲಿ ಕೂತು, ಇದೇ ಗೋಡೆ ನೋಡಿ, "ತರಬೇತಿ" ಎಂಬ ಸಾಲಿನ ಮುಂದೆ ಸರಿ ಗುರುತು ಹಾಕಿ ಹೋಗಿದ್ದಳು. ಆ ದಿನ ಇನ್ನೂ ನಾಲ್ಕು ಕೇಂದ್ರಗಳು ಬಾಕಿ ಇದ್ದವು.

ಸೂಜಿ ಆ ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನನ್ನ ತಪ್ಪು ನಾನು ಬರೀತೀನಿ," ಎಂದಳು. "ನಿಮ್ಮದು ನೀವು ಹೇಳಿ. ಮಗು ಆಸ್ಪತ್ರೆ ಸೇರಿದ ಮೇಲೆ ಚಿಕ್ಕಿಗೆ ಏನು ಹೇಳಿದ್ರಿ?"

"ಬಾಯಿ ಮುಚ್ಕೊಂಡಿರು ಅಂದೆ."

"ಅವಳ ತಲೆ ಮೇಲೆ ಗೂಬೆ ಕೂರಿಸಿದ್ರಿ."

"ಯಾರಾದ್ರೂ ಒಬ್ಬರ ತಲೆ ಮೇಲೆ ಕೂರಲೇಬೇಕಿತ್ತು. ಕೇಂದ್ರ ಮುಚ್ಚಿದ್ರೆ ಹದಿನಾಲ್ಕು ಮನೆ ಬೀದಿಗೆ ಬೀಳುತ್ತೆ. ಅವಳೊಬ್ಬಳಾದ್ರೆ ಒಂದೇ ಮನೆ."

ಇದನ್ನು ಅವಳು ಎಷ್ಟು ಸಹಜವಾಗಿ ಹೇಳಿದಳೆಂದರೆ, ಸೂಜಿಗೆ ಸಿಟ್ಟು ಕೂಡ ತಕ್ಷಣ ಬರಲಿಲ್ಲ.

"ಔಷಧಿ ಕಪಾಟಿನ ಬೀಗ ತೆಗೀರಿ."

ಪೊಲೀಸರು ಪುಸ್ತಕ ಒಯ್ದಿದ್ದರು, ಬಾಟಲಿಯನ್ನು ಬಿಟ್ಟುಹೋಗಿದ್ದರು. ಮೇಲಿನ ಹಲಗೆಯ ಮೇಲೆ ಅದು ನಿಂತಿತ್ತು: ಕಂದು ಬಣ್ಣದ್ದು, ನೂರು ಎಂ.ಎಲ್., ಗುಬ್ಬಿಯ ನಿಜವಾದ ಹೆಸರಿನ ಚೀಟಿ ಅಂಟಿಸಿದ್ದು. ಮುಚ್ಚಳದ ಮೇಲೆ ಚಿಕ್ಕಿಯ ಅಕ್ಷರದಲ್ಲಿ ತೆರೆದ ದಿನ ಬರೆದಿತ್ತು: ಎಂಟನೇ ತಾರೀಕು, ಸೋಮವಾರ. ಅಂದರೆ ಆ ಬಾಟಲಿಯಿಂದ ಕೊಟ್ಟಿರಬೇಕಾದದ್ದು ಎರಡೇ ಸಲ. ಸೋಮವಾರ ಒಂದು, ಮಂಗಳವಾರ ಒಂದು.

ಸೂಜಿ ಬ್ಯಾಗಿನಿಂದ ಗೆರೆ ಕೊರೆದ ಅಳತೆಯ ಗಾಜಿನ ಲೋಟ ತೆಗೆದು ಮೇಜಿನ ಮೇಲಿಟ್ಟಳು. "ನೀವೇ ನೋಡ್ತಿರಿ," ಎಂದು ಔಷಧಿಯನ್ನು ನಿಧಾನವಾಗಿ ಸುರಿದಳು. ಬಾಟಲಿಯನ್ನು ಬೋರಲು ಹಿಡಿದು ಕೊನೆಯ ಹನಿಗೂ ಕಾದಳು. ಇಬ್ಬರೂ ಬಗ್ಗಿ ನೋಡಿದರು.

ತೊಂಬತ್ತೈದು.

"ಎರಡೂವರೆ, ಎರಡೂವರೆ, ಐದು," ಎಂದಳು ಸೂಜಿ. "ಸರಿ ಇದೆ. ನಿಮ್ಮ ಸುಳ್ಳು ಕಾಗದದವಳು ಒಂದು ಹನಿ ಹೆಚ್ಚಿಗೆ ಕೊಟ್ಟಿಲ್ಲ."

"ಹಾಗಾದ್ರೆ ಮಗು..."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ಡಾಕ್ಟರ್.

"ರಕ್ತದ ವರದಿ ಬಂತು ಮೇಡಂ. ಫಿಟ್ಸ್ ಔಷಧಿ ಇರಬೇಕಾದಷ್ಟೇ ಇದೆ. ಆದ್ರೆ ಜೊತೆಗೆ ಇನ್ನೊಂದು ಇದೆ. ನೆಗಡಿಗೆ ಕೊಡ್ತಾರಲ್ಲ, ನಿದ್ದೆ ಬರಿಸೋ ಸಿರಪ್, ಅದು. ಎರಡೂ ಒಟ್ಟಿಗೆ ಬಿದ್ರೆ ಇಷ್ಟು ಸಣ್ಣ ಮಗೂಗೆ ಉಸಿರೇ ನಿಧಾನ ಆಗಿಬಿಡುತ್ತೆ."

"ಮನೇಲಿ ತಾಯಿ ಕೊಟ್ಟಿರಬಹುದಾ?"

"ಮೂರು ಸಲ ಕೇಳಿದ್ದೀನಿ. ಫಿಟ್ಸ್ ಔಷಧಿ ಬಿಟ್ರೆ ಬೇರೆ ಏನೂ ಕೊಟ್ಟಿಲ್ಲ, ಕೊಡೋಕೆ ಯಾರಿಗೂ ಹೇಳಿಲ್ಲ ಅಂತ ಮಗು ಮಂಚ ಮುಟ್ಟಿ ಹೇಳಿದ್ರು."

ಸೂಜಿ ಫೋನು ಇಟ್ಟಳು. ಗೋಡೆಯ ಗಡಿಯಾರ ಒಂದೂ ಇಪ್ಪತ್ತು ತೋರಿಸುತ್ತಿತ್ತು. ಎರಡು ಗಂಟೆಗೂ ಹೆಚ್ಚು ಹೊತ್ತಿನಿಂದ ಅವರಿಬ್ಬರೂ ಈ ಕೋಣೆಯಲ್ಲೇ ಇದ್ದರು. ಮೊದಮೊದಲು ಗೋಡೆಯಾಚೆ ಅಳು, ನಗು, ತಟ್ಟೆ ಬೀಳುವ ಸದ್ದು ಎಲ್ಲ ಕೇಳುತ್ತಿದ್ದವು. ಈಗ ಏನೂ ಇರಲಿಲ್ಲ.

"ಮಕ್ಕಳು ಎಲ್ಲಿ?"

"ಮಲಗೋ ಹೊತ್ತು."

"ಹದಿಮೂರೂ ಮಲಗಿದಾವಾ? ಒಂದೂ ಹಠ ಮಾಡ್ದೆ?"

ಸೂಜಿ ಆಗಲೇ ಕಾರಿಡಾರಿನಲ್ಲಿದ್ದಳು.

*

ಮಲಗುವ ಕೋಣೆಯಲ್ಲಿ ಹಸಿರು ಪರದೆಗಳು ಇಳಿಬಿದ್ದಿದ್ದವು. ಹದಿಮೂರು ಚಿಕ್ಕ ಹಾಸಿಗೆ, ಹದಿಮೂರು ಮಕ್ಕಳು. ಯಾವ ಮಗುವೂ ಮಗ್ಗುಲು ಬದಲಿಸುತ್ತಿರಲಿಲ್ಲ. ಯಾವುದರ ಬೆರಳೂ ಬಾಯಲ್ಲಿರಲಿಲ್ಲ. ಕಿಟಕಿಯಾಚೆ ಡಿಪೋದಲ್ಲಿ ಒಂದು ಬಸ್ಸು ಕಿವಿ ಹರಿಯುವಂತೆ ಹಾರನ್ ಹೊಡೆಯಿತು. ಒಂದು ರೆಪ್ಪೆಯೂ ಅಲುಗಲಿಲ್ಲ.

ನಡುವೆ ಮಣೆಯ ಮೇಲೆ ಒಬ್ಬ ತೆಳ್ಳನೆಯ ಹೆಂಗಸು ಕೂತಿದ್ದಳು. ಕನ್ನಡಕ, ಬಿಗಿಯಾಗಿ ಹೆಣೆದ ಜಡೆ, ಮಡಿಲಲ್ಲಿ ಒಂದು ನೋಟ್‌ಬುಕ್ಕು. ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ಅವಳನ್ನು ಕೇಂದ್ರದಲ್ಲಿ ಎಲ್ಲರೂ ಫಸ್ಟ್‌ಕ್ಲಾಸ್ ಎಂದೇ ಕರೆಯುತ್ತಿದ್ದರು. ಗೋಡೆಯ ಮೂರನೇ ಫ್ರೇಮು ಅವಳದು.

"ಮೆಲ್ಲಗೆ ಮೇಡಂ," ಎಂದಳು ಅವಳು. "ಮಕ್ಕಳು ಮಲಗಿವೆ."

ಸೂಜಿ ಮೊದಲ ಹಾಸಿಗೆಯ ಪಕ್ಕ ಮಂಡಿಯೂರಿದಳು. ಮೂಗಿನ ಕೆಳಗೆ ಬೆರಳಿಟ್ಟಳು. ಎದೆಯ ಏರಿಳಿತ ಎಣಿಸಿದಳು. ಪಾದಕ್ಕೆ ಚಿವುಟಿದಳು. ಮಗು ಮುಖ ಕಿವುಚಿ, ಮುಲುಗಿ, ಮತ್ತೆ ಸುಮ್ಮನಾಯಿತು. ಎರಡನೆಯದು, ಮೂರನೆಯದು. ಹದಿಮೂರಕ್ಕೂ ಉಸಿರಿತ್ತು. ಆಂಬುಲೆನ್ಸಿಗೆ ಫೋನು ಮಾಡಿ, ಹದಿಮೂರು ಮಕ್ಕಳು ಎಂದಾಗ ಆ ಕಡೆಯವನು ಎರಡು ಸಲ ಕೇಳಿದ.

ಬಾಗಿಲಲ್ಲಿ ಮುಖ್ಯಸ್ಥೆ ಗೋಡೆ ಹಿಡಿದು ನಿಂತಿದ್ದಳು. "ನನಗೆ ಗೊತ್ತಿಲ್ಲ ಮೇಡಂ. ದೇವರಾಣೆ ಗೊತ್ತಿಲ್ಲ. ನಾನು ನಿಮ್ಮ ಮುಂದೆನೇ ಕೂತಿದ್ನಲ್ಲ!"

ಆ ಹೊತ್ತು ಸೂಜಿ ಅವಳನ್ನು ನಂಬಿದಳು.

"ಏನು ಕೊಟ್ಟೆ?" ಎಂದು ಫಸ್ಟ್‌ಕ್ಲಾಸಿನ ಕಡೆ ತಿರುಗಿದಳು.

"ಸಿರಪ್. ತೂಕ ನೋಡಿ ಕೊಟ್ಟಿದ್ದೀನಿ. ಎಲ್ಲಾ ಬರೆದಿದೆ." ಅವಳು ನೋಟ್‌ಬುಕ್ಕನ್ನು ಮುಂದೆ ಚಾಚಿದಳು. ಮುತ್ತಿನಂಥ ಅಕ್ಷರ. ಮಗುವಿನ ಹೆಸರು, ಹೊತ್ತು, ಎಷ್ಟು ಎಂ.ಎಲ್., ಸಹಿ. ಯಾವ ತಪಾಸಣೆಗೂ ಜಗ್ಗದ ಪುಸ್ತಕ.

"ಯಾಕೆ?"

"ಒಬ್ಬಳೇ ಹದಿಮೂರು ಮಕ್ಕಳನ್ನ ನೋಡ್ಕೋಬೇಕು. ಚಿಕ್ಕಿ ಇದ್ದಾಗ ಇಬ್ಬರಿದ್ವಿ. ಆಗ್ಲೂ ಎಲ್ಲರಿಗೂ ಕೊಡ್ತಿರಲಿಲ್ಲ, ಗಲಾಟೆ ಮಾಡೋವಕ್ಕೆ ಮಾತ್ರ."

"ಮಂಗಳವಾರ ಗುಬ್ಬಿ ಗಲಾಟೆ ಮಾಡಿದ್ಲಾ?"

"ಹಠ ಮಾಡ್ತಿದ್ಲು. ಅಮ್ಮ ಬೇಕು ಅಂತ. ಒಂದು ಗಂಟೆಗೆ ಮೂರು ಎಂ.ಎಲ್. ಕೊಟ್ಟೆ." ಅವಳು ಪುಟ ತಿರುಗಿಸಿ ಆ ಸಾಲನ್ನೂ ತೋರಿಸಿದಳು.

"ಅದಕ್ಕೂ ಅರ್ಧ ಗಂಟೆ ಮೊದಲು ಚಿಕ್ಕಿ ಫಿಟ್ಸ್ ಔಷಧಿ ಹಾಕಿದ್ದು ನಿಂಗೆ ಗೊತ್ತಿರಲಿಲ್ವಾ?"

"ಅದು ಚಿಕ್ಕಿ ಪುಸ್ತಕ ಮೇಡಂ. ಇದು ನನ್ನ ಪುಸ್ತಕ."

ಸೂಜಿ ನೋಟ್‌ಬುಕ್ಕನ್ನು ಕಿತ್ತುಕೊಂಡಳು. "ನೀನಾದ್ರೂ ನಿಜವಾಗ್ಲೂ ತರಬೇತಿಗೆ ಹೋಗಿದ್ಯಾ?"

"ಹೋಗಿದ್ದೆ. ನಾನೊಬ್ಬಳೇ ಹೋಗಿದ್ದು."

"ಹೊಸ ಔಷಧಿ ಹಾಕೋ ಮೊದಲು ಮಗು ಇನ್ನೇನು ತಗೊಂಡಿದೆ ನೋಡಬೇಕು, ಡಾಕ್ಟರ್ ಚೀಟಿ ಇಲ್ದೆ ಮಲಗಿಸೋಕೆ ಅಂತ ಏನೂ ಕೊಡಬಾರದು... ಇದು ಹೇಳಿಕೊಡಲಿಲ್ವಾ ಅಲ್ಲಿ?"

"ಅದು ಎರಡನೇ ದಿನ ಮಧ್ಯಾಹ್ನದ ಪಾಠ." ಫಸ್ಟ್‌ಕ್ಲಾಸ್ ಬಾಗಿಲಿನ ಕಡೆ ನೋಡಿದಳು. "ನಾನು ಅಷ್ಟೊತ್ತಿಗೆ ವಾಪಸ್ ಬಂದುಬಿಟ್ಟಿದ್ದೆ. ಇಲ್ಲಿ ಜನ ಸಾಲ್ತಿಲ್ಲ, ಬೇಗ ಬಾ ಅಂತ ಹೆಡ್ ಮೇಡಂ ಫೋನ್ ಮಾಡಿದ್ರು."



ಹೊರಗೆ ಆಂಬುಲೆನ್ಸಿನ ಸದ್ದು ಕೇಳಿಸಿತು. ಇಬ್ಬರು ಸಹಾಯಕರು ಒಳಗೆ ನುಗ್ಗಿ ಮಕ್ಕಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದರು. ಒಂದು ಮಗು ಅಪರಿಚಿತ ಹೆಗಲಿನ ಮೇಲೆ ಅರ್ಧ ಕಣ್ಣು ತೆರೆದು ಅಳಲು ಶುರುಮಾಡಿತು. ಎಷ್ಟೋ ವರ್ಷಗಳ ಮೇಲೆ ಸೂಜಿಗೆ ಮಗುವಿನ ಅಳು ಅಷ್ಟು ಹಿತವಾಗಿ ಕೇಳಿಸಿತು.

"ನಾನು ತಪ್ಪು ಮಾಡಿಲ್ಲ ಮೇಡಂ," ಎಂದಳು ಫಸ್ಟ್‌ಕ್ಲಾಸ್. ಈಗ ಅವಳ ಧ್ವನಿ ಒಡೆಯುತ್ತಿತ್ತು. "ಮೊದಲನೇ ದಿನ ಹೇಳಿದ್ರು, ಮನೆಯವರ ಸಹಿ ಇಲ್ದೆ ಒಂದು ಹನೀನೂ ಕೊಡಬಾರದು ಅಂತ. ನಾನು ಕೊಟ್ಟಿಲ್ಲ. ಎಲ್ಲರದ್ದೂ ಒಪ್ಪಿಗೆ ಪತ್ರ ಇದೆ. ಬೇಕಾದ್ರೆ ನೋಡಿ."

ಅವಳು ಬೀರುವಿನಿಂದ ಒಂದು ನೀಲಿ ಕಡತ ತಂದುಕೊಟ್ಟಳು. ಸೂಜಿ ಬಿಡಿಸಿದಳು. ಅಚ್ಚು ಹಾಕಿಸಿದ ಹಾಳೆಗಳು. "ಮಧ್ಯಾಹ್ನದ ನಿದ್ದೆಗೆ ಅಗತ್ಯವಿದ್ದಲ್ಲಿ ಸಿರಪ್ ನೀಡಲು ನನ್ನ ಒಪ್ಪಿಗೆ ಇದೆ." ಕೆಳಗೆ ತಾಯಂದಿರ ಸಹಿ, ತಾರೀಕು. ಹೆಚ್ಚಿನವು ಹೋದ ತಿಂಗಳವು. ದಾಖಲಾತಿ ನವೀಕರಿಸುವ ದಿನ ಹತ್ತು ಕಾಗದಗಳ ನಡುವೆ ಇದನ್ನೂ ಮುಂದಿಟ್ಟಿರಬೇಕು, ತಾಯಂದಿರು ಓದದೆ ಸಹಿ ಹಾಕಿರಬೇಕು, ಅಷ್ಟೇ. ಒಂದು, ಎರಡು, ಐದು, ಒಂಬತ್ತು. ಹದಿಮೂರು.

ಹದಿನಾಲ್ಕನೆಯದು ಗುಬ್ಬಿಯದು.

ಕಂಡಕ್ಟರ್ ತಾಯಿಯ ಸಹಿಯನ್ನು ಸೂಜಿ ದೂರಿನ ಪ್ರತಿಯಲ್ಲಿ ಎಷ್ಟೋ ಸಲ ನೋಡಿದ್ದಳು. ಓಡುವ ಬಸ್ಸಿನಲ್ಲಿ ಬರೆದು ರೂಢಿಯಾದ, ಬಲಕ್ಕೆ ವಾಲಿದ ಅಕ್ಷರ. ಇದು ಅದೇ. ಅನುಮಾನವೇ ಇರಲಿಲ್ಲ. ಯಾರಿಗೂ ಏನೂ ಕೊಡಲು ಹೇಳಿಲ್ಲ ಎಂದು ಮಗುವಿನ ಮಂಚ ಮುಟ್ಟಿ ಹೇಳಿದ್ದ ತಾಯಿ.

ಆದರೆ ಸೂಜಿಯ ಕಣ್ಣು ನಿಂತದ್ದು ಸಹಿಯ ಮೇಲಲ್ಲ, ಅದರ ಕೆಳಗೆ ಅದೇ ಕೈ ಬರೆದ ತಾರೀಕಿನ ಮೇಲೆ. ಗುಬ್ಬಿ ಮಲಗಿದ್ದು ಒಂಬತ್ತರಂದು, ಮಂಗಳವಾರ. ಹಾಳೆಯ ಮೇಲೆ ಇದ್ದದ್ದು ಹತ್ತು.

"ಇದು ಮಾರನೇ ದಿನದ್ದು," ಎಂದಳು ಸೂಜಿ. "ಮಗು ಯಂತ್ರದ ಮೇಲಿರೋವಾಗ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡು ಬಂದ್ಯಾ?"

"ಇಲ್ಲ ಮೇಡಂ." ಫಸ್ಟ್‌ಕ್ಲಾಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಅವರೇ ಇಲ್ಲಿಗೆ ಬಂದಿದ್ರು. ಬೆಳಿಗ್ಗೆ, ಬಾಗಿಲು ತೆಗೆಯೋ ಮೊದಲೇ ಕಾಯ್ತಾ ನಿಂತಿದ್ರು. ನಾನು ಕೇಳೇ ಇರಲಿಲ್ಲ. ಆ ಹಾಳೆ ಕೊಡು, ಸಹಿ ಹಾಕಬೇಕು ಅಂತ ಅವರೇ ಕೇಳಿದ್ರು."